ಹೆಲಿಕಾಪ್ಟರ್ ಬಂತು, ಹಾರ ಎಲ್ಲಿ?

ಏರ್ ಆಂಬುಲೆನ್ಸ್ ಇಳಿಯುವ ವಿಡಿಯೋ ನಿಮ್ಮ ವಾಟ್ಸಾಪ್‌ಗೂ ಬಂದೇ ಇರುತ್ತದೆ. ಅದರಲ್ಲಿ ಸ್ಟ್ರೆಚರ್ ಎಲ್ಲಿದೆ ಎಂದು ಹುಡುಕಬೇಕು. ಉಳಿದಂತೆ ಎತ್ತಿದ ಮೊಬೈಲುಗಳು, ಹೆಗಲೇರಿದ ಮಕ್ಕಳು, ಗಾಳಿಗೆ ಎದ್ದ ಟವೆಲ್ಲುಗಳು. 'ಇನ್ನೊಸಿ ಮುಂದುಕ್ ಓಗ್ಲಾ, ರೆಕ್ಕೆ ಬತ್ತಿಲ್ಲ' ಎಂಬ ನಿರ್ದೇಶನವೂ ಕೇಳಿಸುತ್ತದೆ. ಹಾಸನ, ಚಿಕ್ಕಮಗಳೂರಿನವರನ್ನು ಬೈದು ಪ್ರಯೋಜನವಿಲ್ಲ ಬಿಡಿ. ಹೆಲಿಕಾಪ್ಟರ್ ಬರುವುದು ಎಲೆಕ್ಷನ್ನಿಗೆ, ಬಂದವರು ಕೈ ಬೀಸಬೇಕು ಎಂಬುದು ರೂಢಿ. ಇಲ್ಲಿ ಹತ್ತಬೇಕಾದವರು ಮಲಗಿದ್ದಾರೆ, ಕೈ ಬೀಸುವುದಿಲ್ಲ. ಜನಕ್ಕೆ ನಿರಾಸೆ ಆಗದೆ ಇರುತ್ತದೆಯೇ?

ನಾಯಕರಿಗಾದರೆ ಎಂಥ ಮುತುವರ್ಜಿ! ಸುಣ್ಣದ ವೃತ್ತ, ನಡುವೆ 'ಎಚ್', ಬ್ಯಾರಿಕೇಡು, ಅಗ್ನಿಶಾಮಕ ವಾಹನ. ಅಷ್ಟೆಲ್ಲ ಇದ್ದೂ 2023ರ ಮಾರ್ಚ್‌ನಲ್ಲಿ ಜೇವರ್ಗಿಯಲ್ಲಿ ಯಡಿಯೂರಪ್ಪನವರ ಹೆಲಿಕಾಪ್ಟರ್ ಇನ್ನೇನು ನೆಲ ಮುಟ್ಟಬೇಕು, ಪ್ಲಾಸ್ಟಿಕ್ ಹಾಳೆಗಳು ಹಿಂಡುಹಿಂಡಾಗಿ ಎದ್ದವು. ಪೈಲಟ್ ಮತ್ತೆ ಮೇಲೆ ಹೋಗಬೇಕಾಯಿತು. ಮಾಜಿ ಮುಖ್ಯಮಂತ್ರಿಗೇ ಹೀಗಾದರೆ ರೋಗಿಯ ಪಾಡೇನು! ಬೆಲ್ಟ್ ಬಿಗಿಯದಿದ್ದರೆ ರೋಗಿಯ ಮೇಲೆ ಹೊದಿಸಿದ ಬೆಡ್‌ಶೀಟೇ ಎದ್ದು ರೆಕ್ಕೆಗೆ ಸುತ್ತಿಕೊಂಡೀತು. ಟೋಪಿ, ಶಾಲು, ಟಾರ್ಪಾಲು ಯಾವುದೂ ಸಡಿಲ ಇರಕೂಡದು. ಇನ್ನು ಡ್ರಿಪ್ ಸ್ಟ್ಯಾಂಡನ್ನು ಉತ್ಸವದ ಛತ್ರಿಯಂತೆ ಎತ್ತಿ ಹಿಡಿದು ಓಡುವ ಉತ್ಸಾಹಿಗಳು: ಅದನ್ನು ಅಡ್ಡ ಹಿಡಿದು, ಸೊಂಟಕ್ಕಿಂತ ಕೆಳಗೇ ಇಟ್ಟುಕೊಂಡು ಒಯ್ಯಬೇಕು ಸ್ವಾಮಿ.

ಮೇಲಿನ ರೆಕ್ಕೆಗೆ ಎಲ್ಲರೂ ತಲೆ ತಗ್ಗಿಸುತ್ತಾರೆ. ಬಾಲದ್ದಕ್ಕೆ ಮರ್ಯಾದೆಯೇ ಇಲ್ಲ. ಬೆಲ್ 407ರಂಥ ಹೆಲಿಕಾಪ್ಟರಿನಲ್ಲಿ ಮೇಲಿನದು ನಿಮಿಷಕ್ಕೆ 400 ಚಿಲ್ಲರೆ ಸುತ್ತು ಹೊಡೆದರೆ ಬಾಲದ್ದು 2,500ರ ಆಸುಪಾಸು. ಆ ವೇಗಕ್ಕೆ ಅದು ಕಣ್ಣಿಗೇ ಬೀಳುವುದಿಲ್ಲ. 2023ರ ಏಪ್ರಿಲ್‌ನಲ್ಲಿ ಕೇದಾರನಾಥದಲ್ಲಿ ಅದಕ್ಕೆ ಸಿಕ್ಕಿ ಸತ್ತವರು ಯಾತ್ರಿಕರಲ್ಲ, ಉತ್ತರಾಖಂಡದ ವಿಮಾನಯಾನ ಪ್ರಾಧಿಕಾರದ್ದೇ ಅಧಿಕಾರಿ. ಆದ್ದರಿಂದ ಪೈಲಟ್‌ಗೆ ಕಾಣುವಂತೆ ಮುಂದಿನಿಂದ, ಅವರು ಸನ್ನೆ ಮಾಡಿದ ಮೇಲೆ ಮಾತ್ರ ಹೋಗಬೇಕು. 'ಎಂಜಿನ್ ಆಫ್ ಆಯ್ತು' ಎಂದು ನುಗ್ಗುವವರೇ, ವೇಗ ಇಳಿಯುವಾಗ ರೆಕ್ಕೆಯ ತುದಿ ಜೋತು ಬೀಳುತ್ತದೆ. ಗಾಳಿ ಬೀಸಿದರೆ ಇನ್ನೂ ಕೆಳಗೆ.

ಮೂಡಿಗೆರೆ, ಕಳಸದ ಕಡೆ ಸಮತಟ್ಟು ಜಾಗ ಎಂದರೆ ಶಾಲೆ ಮೈದಾನ, ಇಲ್ಲವೇ ತೋಟದ ಕಣ. ಕನಿಷ್ಠ 100 ಅಡಿಗೆ 100 ಅಡಿ ಬಯಲು ಬೇಕು. ಕಣ ಅಷ್ಟು ದೊಡ್ಡದೇ ಇರಬಹುದು, ಆದರೆ ಜನವರಿಯಲ್ಲಿ ಅದರ ತುಂಬ ಕಾಫಿ ಹರವಿರುತ್ತದೆ. ಹೆಲಿಕಾಪ್ಟರ್ ತಗ್ಗಿಗೆ ಬಂದಾಗ ಒಣಗಿದ ಚೆರ್ರಿ ಚರೆಯ ಹಾಗೆ ಸಿಡಿಯುತ್ತದೆ, ಗೋಣಿಚೀಲ ಹಾರುತ್ತದೆ, ಸಾಹುಕಾರರು ಹೆಲಿಕಾಪ್ಟರ್ ಬಿಟ್ಟು ಕಾಫಿಯ ಹಿಂದೆ ಓಡುತ್ತಾರೆ. ಸುತ್ತ ಸಿಲ್ವರ್ ಓಕ್ ಬೇರೆ. ಪಕ್ಕದಲ್ಲಿ ದರೆ ಇದ್ದರಂತೂ ಕೇಳಲೇಬೇಡಿ: ಏರಿನ ಕಡೆಯಿಂದ ಇಳಿದು ಬಂದವರ ತಲೆಯೂ ರೆಕ್ಕೆಯೂ ಒಂದೇ ಮಟ್ಟಕ್ಕೆ ಬರುತ್ತವೆ. ಹೋಗುವುದೂ ಬರುವುದೂ ತಗ್ಗಿನ ಕಡೆಯಿಂದಲೇ. ಕೊಟ್ಟಿಗೆಹಾರದ ಮಂಜು ಕವಿದರೆ ಈ ಯಾವ ತಾಪತ್ರಯವೂ ಇಲ್ಲ, ಹೆಲಿಕಾಪ್ಟರೇ ಬರುವುದಿಲ್ಲ.

ತಮಾಷೆ ಸಾಕು. ಜನ ಚದುರುವವರೆಗೂ ಪೈಲಟ್ ಇಳಿಸುವುದಿಲ್ಲ, ಇಳಿಸಲೂಬಾರದು. ಅವರು ಮೇಲೆ ಸುತ್ತುತ್ತಾ ಇಂಧನ ಸುಡುತ್ತಿದ್ದರೆ ಕೆಳಗೆ ಆಂಬುಲೆನ್ಸಿನಲ್ಲಿ ಆಕ್ಸಿಜನ್ ಸಿಲಿಂಡರಿನ ಮುಳ್ಳು ಇಳಿಯುತ್ತಿರುತ್ತದೆ. ರೋಗಿಯ ಮಗಳು ಜನರಿಗೆ ಕೈ ಮುಗಿಯುತ್ತಿರುತ್ತಾಳೆ, ಅವರು ಅವಳನ್ನೂ ಶೂಟ್ ಮಾಡುತ್ತಿರುತ್ತಾರೆ. ನಾಚಿಕೆ ಆಗಬೇಕು.

ಜನರನ್ನು 200 ಅಡಿ ಆಚೆ ನಿಲ್ಲಿಸಲು ಹಗ್ಗ ಸಾಕು, ನಾಲ್ಕು ಪೊಲೀಸರು ಸಾಕು. ಧೂಳು ಎದ್ದು ಪೈಲಟ್‌ಗೆ ನೆಲವೇ ಕಾಣದಂತಾಗುತ್ತದೆ, ಹಾಗಾಗಿ ಮೊದಲೇ ನೀರು ಹೊಡೆಸಿಡಬೇಕು. ಬಾಗಿಲನ್ನು ಹೆಲಿಕಾಪ್ಟರಿನ ಸಿಬ್ಬಂದಿಯೇ ತೆರೆದು ಮುಚ್ಚಲಿ, ಜೀಪಿನದ್ದರ ಹಾಗೆ ಜಡಿಯುವವರು ದೂರ ಇರಲಿ. ಕರೆಂಟ್ ತಂತಿ ಮೇಲಿನಿಂದ ಕಾಣುವುದಿಲ್ಲ, ಪೈಲಟ್ ಕಂಬ ನೋಡಿಯೇ ಅಂದಾಜು ಮಾಡಬೇಕು. ಯಾವ ಕಂಬದಿಂದ ಯಾವ ಕಂಬಕ್ಕೆ ಲೈನ್ ಎಳೆದಿದೆ ಎಂದು ಮೊದಲೇ ಹೇಳಲು ಒಬ್ಬ ಲೈನ್‌ಮ್ಯಾನ್ ಬೇಕು. ಸ್ವಾಗತ ಸಮಿತಿಯವರು ಮನೆಯಲ್ಲೇ ಇರಲಿ.