ಕಂಕಣಭಾಗ್ಯಕ್ಕೆ ಕೌಂಟಿ ಮುಹೂರ್ತ

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಮದುವೆಯಾಗುವವರು ಜಾತಕ ಹಿಡಿದು ಯಾರ ಮನೆಗೆ ಹೋದರೂ ಸರಿಯೇ, ಕೊನೆಗೆ ಅನಾಥರ ಕೋರ್ಟಿಗೆ ಅರ್ಜಿ ಹಾಕಲೇಬೇಕು. ತಮಾಷೆಯಲ್ಲ. ಆ ರಾಜ್ಯದಲ್ಲಿ ಮದುವೆ ಲೈಸೆನ್ಸ್, ಅಂದರೆ ಮದುವೆಗೆ ಮುಂಚೆಯೇ ಪಡೆಯಬೇಕಾದ ಅನುಮತಿ ಪತ್ರ, ಕೊಡುವ ಅಧಿಕಾರ ನಮ್ಮ ಜಿಲ್ಲೆಯಂಥ ಕೌಂಟಿಯ ಆರ್ಫನ್ಸ್ ಕೋರ್ಟಿನ ಗುಮಾಸ್ತರದು. ಎಷ್ಟೋ ಕೌಂಟಿಗಳಲ್ಲಿ ಅದೇ ಗುಮಾಸ್ತರು ಉಯಿಲು ದಾಖಲಿಸುವ ಅಧಿಕಾರಿಯೂ ಹೌದು. ತೀರಿಹೋದ ಅಪ್ಪನ ಉಯಿಲು ಹಿಡಿದವರೊಬ್ಬರು, ಅಜ್ಜಿಗೆ ಅರಳುಮರಳು, ಪಾಲಕರನ್ನು ನೇಮಿಸಿ ಎನ್ನುವವರೊಬ್ಬರು, ಅವರ ನಡುವೆ ಸರದಿಗೆ ಕಾಯುತ್ತಿರುವ ವಧೂವರರು. ಲಂಡನ್ನಿನ ಹಳೆಯ ಕೋರ್ಟೊಂದನ್ನು ನೋಡಿ ಇಟ್ಟ ಹೆಸರಂತೆ. ಮುನ್ನೂರು ವರ್ಷ ಕಳೆದರೂ ಬದಲಿಸುವ ದರ್ದು ಯಾರಿಗೂ ಬಂದಿಲ್ಲ. ಸೈಟನ್ನೂ ಮದುವೆಯನ್ನೂ ಒಂದೇ ಆಫೀಸಿನಲ್ಲಿ ನೋಂದಾಯಿಸುವ ನಮ್ಮ ಸಬ್ ರಿಜಿಸ್ಟ್ರಾರ್ ವ್ಯವಸ್ಥೆಯನ್ನು ನೋಡಿ ನಗುತ್ತಿದ್ದವರು ಇಲ್ಲಿಗೆ ಬಂದ ಮೇಲೆ ಗಪ್‌ಚುಪ್.

ಇದರಲ್ಲಿ ನಮ್ಮವರು ಸಿಕ್ಕಿಹಾಕಿಕೊಳ್ಳುವುದಕ್ಕೆ ಕಾರಣ ತಿಮ್ಮಪ್ಪ. ಪಿಟ್ಸ್‌ಬರ್ಗಿನ ಪಕ್ಕ ಪೆನ್ ಹಿಲ್ಸ್ ಗುಡ್ಡದ ಮೇಲೆ 1976ರಿಂದ ಶ್ರೀ ವೆಂಕಟೇಶ್ವರ ದೇವಸ್ಥಾನವಿದೆ. ಸುತ್ತಲಿನ ರಾಜ್ಯಗಳ ಕನ್ನಡಿಗರು, ತೆಲುಗರು, ತಮಿಳರು ಸ್ವಾಮಿಯ ಸನ್ನಿಧಿಯಲ್ಲಿ ಧಾರೆ ಎರೆಸಬೇಕೆಂದು ಅಲ್ಲಿಗೆ ಬರುತ್ತಾರೆ. ದೇವರು ಒಪ್ಪುತ್ತಾನೆ. ಆ ಗುಡ್ಡ ಇರುವ ಅಲೆಘೆನಿ ಕೌಂಟಿ ಒಪ್ಪಬೇಕಲ್ಲ!

ಅರ್ಜಿಗೆ ಹುಡುಗ ಹುಡುಗಿ ಇಬ್ಬರೂ ಒಟ್ಟಿಗೆ ಹಾಜರಾಗಬೇಕು. ಮನೆಯವರು ನೋಡಿ ಒಪ್ಪಿದ ಸಂಬಂಧ, ಹುಡುಗಿ ಇನ್ನೂ ಮೈಸೂರಿನಲ್ಲಿದ್ದಾಳೆ, ಹುಡುಗನ ಅಪ್ಪ ಬಂದರೆ ಸಾಲದೇ ಎಂದರೆ ಸಾಲದು. ಪಾಸ್‌ಪೋರ್ಟ್ ಅಥವಾ ಡ್ರೈವಿಂಗ್ ಲೈಸೆನ್ಸ್ ಬೇಕು. ಹಿಂದೆ ಮದುವೆಯಾಗಿದ್ದರೆ ಅದು ಮುಗಿದದ್ದಕ್ಕೆ ಪುರಾವೆ ಬೇಕು, ವಿಚ್ಛೇದನದ ಆದೇಶವೋ ಮರಣ ಪತ್ರವೋ. ವಿಚ್ಛೇದನ ಭಾರತದಲ್ಲಿ ಆಗಿ ಆದೇಶ ಕನ್ನಡದಲ್ಲಿದ್ದರೆ ಇಂಗ್ಲಿಷ್ ಅನುವಾದ ಮಾಡಿಸಿಕೊಂಡೇ ಹೋಗುವುದು ಕ್ಷೇಮ. ಇಷ್ಟೆಲ್ಲ ಹೊಂದಿಸಿಕೊಂಡು ಪ್ರಮಾಣ ಮಾಡಿ ಉತ್ತರ ಹೇಳಬೇಕು.

ಮೊದಲ ಪ್ರಶ್ನೆ ಹೆಸರು. ನಮ್ಮವರು ಎಡವುವುದೇ ಇಲ್ಲಿ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಬಿಟ್ಟು ಬಂದವನಿಗೆ ಅಮೆರಿಕದ ವೀಸಾದಲ್ಲಿ ಇರುವ ಒಂದೇ ಹೆಸರು ಸರ್‌ನೇಮ್ ಆಗಿ, ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಎಂದು ಅಚ್ಚಾಗುತ್ತದೆ. ಮೊದಲ ಹೆಸರು ಗೊತ್ತಿಲ್ಲ ಎಂಬುದರ ಸಂಕ್ಷೇಪ ಅದು. ಅದನ್ನೇ ನೋಡಿಕೊಂಡು ಲೈಸೆನ್ಸ್ ಟೈಪಾದರೆ ಪುರೋಹಿತರು ಸಂಕಲ್ಪದಲ್ಲಿ ಗೋತ್ರ, ಪ್ರವರ, ಮೂರು ತಲೆಮಾರಿನ ಹೆಸರು ಹೇಳಿ ಕನ್ಯಾದಾನ ಮಾಡಿಸಿದ್ದು ಶ್ರೀಮಾನ್ ಎಫ್‌ಎನ್‌ಯು ಅವರಿಗೆ. ಟೈಪಾದ ಹಾಳೆಯನ್ನು ಕೌಂಟರಿನಲ್ಲೇ ಅಕ್ಷರ ಅಕ್ಷರ ಓದಿ ಪಾಸ್‌ಪೋರ್ಟಿಗೆ ಹೋಲಿಸಬೇಕು. ಆಗ ತಿದ್ದಿಸುವುದು ಎರಡು ನಿಮಿಷದ ಕೆಲಸ. ಮದುವೆ ದಾಖಲಾದ ಮೇಲೆ ತಿದ್ದಿಸಬೇಕೆಂದರೆ ಅರ್ಜಿ, ಪುರಾವೆ, ಕೆಲವೊಮ್ಮೆ ಜಡ್ಜರ ಆದೇಶ.

ಮುಂದಿನದು ಅಮ್ಮನ ಮದುವೆಗೆ ಮುಂಚಿನ ಹೆಸರು. ಎಚ್. ಎಸ್. ಸಾವಿತ್ರಮ್ಮ ಎಂದರೆ ಕಂಪ್ಯೂಟರ್ ತೆಗೆದುಕೊಳ್ಳುವುದಿಲ್ಲ, ಕೊನೆಯ ಹೆಸರು ಪೂರ್ತಿ ಬೇಕು. ಎಚ್ ಎಂದರೆ ಹೊಳೆನರಸೀಪುರ, ಎಸ್ ಎಂದರೆ ಅವರಪ್ಪ ಸುಬ್ಬರಾವ್. ಮದುವೆಯಾದ ಮೇಲೆ ಎಸ್ ಹೋಗಿ ಯಜಮಾನರ ಹೆಸರಿನ ಅಕ್ಷರ ಬಂತು, ಎಚ್ ಮಾತ್ರ ಉಳಿಯಿತು. ಸರದಿ ಬೆಳೆಯುತ್ತಿರುತ್ತದೆ, ಗುಮಾಸ್ತರು ಕಾಯುತ್ತಿರುತ್ತಾರೆ. ಹೀಗೆ ಹಾಸನ ಜಿಲ್ಲೆಯ ಒಂದು ಇಡೀ ತಾಲ್ಲೂಕು ಅಲೆಘೆನಿ ಕೌಂಟಿಯ ಕಡತದಲ್ಲಿ ಒಬ್ಬರ ತವರುಮನೆಯ ಹೆಸರಾಗಿ ಶಾಶ್ವತವಾಗುತ್ತದೆ.

ನೀವಿಬ್ಬರೂ ರಕ್ತಸಂಬಂಧಿಗಳೇ ಎಂದೂ ಕೇಳುತ್ತಾರೆ. ಸೋದರಮಾವನ ಮಗಳು, ಹುಟ್ಟಿದಾಗಲೇ ಮಾತಾಗಿತ್ತು ಎಂದು ಹೆಮ್ಮೆಯಿಂದ ಹೇಳಿದಿರೋ, ಅರ್ಜಿ ಅಲ್ಲಿಗೇ ಮುಗಿಯಿತು. ಪೆನ್ಸಿಲ್ವೇನಿಯಾದ ನಿಷೇಧದ ಪಟ್ಟಿಯಲ್ಲಿ ಅತ್ತೆ ಮಾವನ ಮಕ್ಕಳೂ ಇದ್ದಾರೆ. ಅಕ್ಕನ ಮಗಳ ಮಾತಂತೂ ಎತ್ತುವ ಹಾಗೇ ಇಲ್ಲ. ಭಾರತದ 1955ರ ಹಿಂದೂ ವಿವಾಹ ಕಾಯ್ದೆ ರೂಢಿಯಿದ್ದರೆ ಆಗಬಹುದು ಎನ್ನುತ್ತದೆ. ಡೆಲವೇರ್ ನದಿ ದಾಟಿದರೆ ನ್ಯೂಜೆರ್ಸಿಯೂ ಮಾವನ ಮಗಳಿಗೆ ಅಡ್ಡಿಯಿಲ್ಲ, ಅಕ್ಕನ ಮಗಳು ಬೇಡ ಎನ್ನುತ್ತದೆ. ಸೇತುವೆಯ ಈ ಕಡೆ ತಂಗಿಯಾಗಿದ್ದವಳು ಆ ಕಡೆಗೆ ಹೋದರೆ ಹೆಂಡತಿಯಾಗಬಹುದು. ಅರ್ಜಿ ಹಾಕುವಾಗ ಕುಡಿದಿರಬಾರದು ಎಂಬ ನಿಯಮವೂ ಕಾನೂನಿನಲ್ಲಿ ಬರವಣಿಗೆಯಲ್ಲೇ ಇದೆ. ಮದುವೆಯ ದಿನದ ಬಗ್ಗೆ ಅದು ಮೌನ.

ಇನ್ನು ಮುಹೂರ್ತ. ಪಂಚಾಂಗದವರು ಗುರುಬಲ, ತಾರಾಬಲ, ಲಗ್ನಶುದ್ಧಿ ನೋಡಿ ಭಾನುವಾರ ಬೆಳಿಗ್ಗೆ 10.20 ಎಂದು ಬರೆದುಕೊಡುತ್ತಾರೆ. ಕೌಂಟಿಯ ಪಂಚಾಂಗದಲ್ಲಿ ಇರುವುದು ಒಂದೇ ದೋಷ, ಮೂರು ದಿನ. ಅರ್ಜಿ ಹಾಕಿದ ದಿನ ಲೆಕ್ಕಕ್ಕಿಲ್ಲ. ಸೋಮವಾರ ಹಾಕಿದರೆ ಲೈಸೆನ್ಸ್ ಸಿಗುವುದು ಗುರುವಾರ. ಬೆಂಗಳೂರಿನಿಂದ ಬುಧವಾರ ರಾತ್ರಿ ಬಂದಿಳಿದು ಗುರುವಾರ ಅರ್ಜಿ ಹಾಕಿದ ಜೋಡಿಗೆ ಭಾನುವಾರದ ಲಗ್ನ ದಕ್ಕುವುದಿಲ್ಲ, ಆಫೀಸು ಬಾಗಿಲು ತೆರೆಯುವುದೇ ಸೋಮವಾರ. ತುರ್ತು ಸಂದರ್ಭದಲ್ಲಿ ಜಡ್ಜರು ಈ ಕಾಯುವಿಕೆಯನ್ನು ಮನ್ನಾ ಮಾಡಬಹುದು. ಮತ್ತೆ ಇಂಥ ಲಗ್ನ ಎಂಟು ತಿಂಗಳು ಇಲ್ಲ ಎಂಬುದನ್ನು ಅವರು ತುರ್ತು ಎಂದು ಒಪ್ಪುತ್ತಾರೆಂದು ನಂಬಿ ಟಿಕೆಟ್ ಬುಕ್ ಮಾಡಬೇಡಿ.

ಹಾಗಾದರೆ ಬೇಗನೇ ತೆಗೆದಿಟ್ಟುಕೊಂಡರಾಯಿತು ಎನ್ನುತ್ತೀರಾ? ಲೈಸೆನ್ಸಿನ ಆಯುಸ್ಸು 60 ದಿನ. ಜ್ಯೇಷ್ಠದ ಕೊನೆಯಲ್ಲಿ ಪಡೆದರೆ ಆಷಾಢವೇ ಅರ್ಧ ನುಂಗುತ್ತದೆ. ಶ್ರಾವಣದಲ್ಲಿ ಲಗ್ನ ಸಿಗುವುದು ಚೂರು ತಡವಾದರೆ ಲೈಸೆನ್ಸ್ ಸತ್ತಿರುತ್ತದೆ, ಮತ್ತೆ ಅರ್ಜಿ, ಮತ್ತೆ ಫೀ, ಮತ್ತೆ ಮೂರು ದಿನ. ಫೀ ಕೌಂಟಿಯಿಂದ ಕೌಂಟಿಗೆ ಬೇರೆ. ಫಿಲಡೆಲ್ಫಿಯಾದಲ್ಲಿ ಮಾಮೂಲಿ ಲೈಸೆನ್ಸಿಗೆ 90 ಡಾಲರ್, ಪುರೋಹಿತರೇ ಇಲ್ಲದ ಲೈಸೆನ್ಸಿಗೆ 100.

ಹೌದು, ಅಂಥದ್ದೊಂದು ಇದೆ. ಕ್ರೈಸ್ತರಲ್ಲೇ ಒಂದಾದ ಕ್ವೇಕರ್ ಪಂಥದ ಹಳೆಯ ಪದ್ಧತಿಯಲ್ಲಿ ಪಾದ್ರಿ ಇರುವುದಿಲ್ಲ, ಆದ್ದರಿಂದ ಗಂಡು ಹೆಣ್ಣು ತಾವೇ ಮದುವೆ ಮಾಡಿಕೊಂಡು ಇಬ್ಬರು ಸಾಕ್ಷಿಗಳಿಂದ ಸಹಿ ಹಾಕಿಸುವ ಪದ್ಧತಿ ಬಂತು. ನೀವು ಕ್ವೇಕರ್ ಅಲ್ಲವಲ್ಲ ಎಂದು ಅಲೆಘೆನಿ ಕೌಂಟಿಯಲ್ಲಿ ಜೋಡಿಯೊಂದಕ್ಕೆ ಇದನ್ನು ನಿರಾಕರಿಸಿದಾಗ, 2007ರಲ್ಲಿ ಫೆಡರಲ್ ಕೋರ್ಟು ಮಧ್ಯೆ ಬಂದು ಕೊಡಿಸಿತು. ಪುರೋಹಿತರನ್ನು ಕೈಬಿಟ್ಟರೆ ಹತ್ತು ಡಾಲರ್ ಹೆಚ್ಚು ಎಂಬ ಲೆಕ್ಕ ಮಾತ್ರ ದಕ್ಷಿಣೆಯ ಇತಿಹಾಸದಲ್ಲೇ ಅಪೂರ್ವ. ಪುರೋಹಿತರಿದ್ದರೆ ಸಾಕ್ಷಿಯ ಸಹಿಯೇ ಬೇಡ. ಆರುನೂರು ಜನ ಅಕ್ಷತೆ ಹಾಕಿ ಊಟ ಮಾಡಿಹೋದರೂ ಕಾನೂನಿನ ಕಣ್ಣಿಗೆ ಅಲ್ಲಿದ್ದವರು ಪುರೋಹಿತರೊಬ್ಬರೇ. ನ್ಯೂಜೆರ್ಸಿಯಲ್ಲಿ ಇದು ತಲೆಕೆಳಗು: ಅರ್ಜಿ ಹಾಕುವುದಕ್ಕೇ ಒಬ್ಬ ಸಾಕ್ಷಿ ಬೇಕು, ಮದುವೆಗೆ ಇಬ್ಬರು. ಅಲ್ಲಿ ಕೌಂಟಿಗೆ ಹೋದರೆ ಕೆಲಸವಾಗುವುದಿಲ್ಲ, ಊರಿನ ರಿಜಿಸ್ಟ್ರಾರ್ ಹತ್ತಿರ ಹೋಗಬೇಕು.

ಅತಿ ಹೆಚ್ಚು ಕಣ್ಣೀರು ಹಾಕಿಸುವುದು ಒಹಾಯೊ ಗಡಿ. ಒಹಾಯೊದಲ್ಲಿ ಲೈಸೆನ್ಸ್ ಕೊಡುವುದು ಉಯಿಲುಗಳನ್ನು ನೋಡಿಕೊಳ್ಳುವ ಪ್ರೊಬೇಟ್ ಕೋರ್ಟ್, ಅದೂ ಇಬ್ಬರಲ್ಲೊಬ್ಬರು ವಾಸವಿರುವ ಕೌಂಟಿಯದ್ದೇ. ಕಾಯುವ ದಿನಗಳಿಲ್ಲ, ಅಲ್ಲೇ ಕೈಗೆ. ಕ್ಲೀವ್‌ಲ್ಯಾಂಡ್ ಕಡೆಯ ಜೋಡಿ ಅದನ್ನು ಕರಾರುವಾಕ್ಕಾಗಿ ಮಾಡಿಸಿಕೊಂಡು, ಎರಡು ಗಂಟೆ ಕಾರು ಓಡಿಸಿ, ಪಿಟ್ಸ್‌ಬರ್ಗಿನ ತಿಮ್ಮಪ್ಪನ ಮುಂದೆ ಹಸೆಮಣೆ ಏರುತ್ತದೆ. ಗಡಿ ದಾಟಿದ ಕ್ಷಣವೇ ಆ ಕಾಗದ ಬರೀ ಕಾಗದ. ಮದುವೆ ಯಾವ ರಾಜ್ಯದ ನೆಲದ ಮೇಲೋ ಆ ರಾಜ್ಯದ ಲೈಸೆನ್ಸೇ ಆಗಬೇಕು. ಪೆನ್ಸಿಲ್ವೇನಿಯಾದಲ್ಲಿ ಹೊರರಾಜ್ಯದವರೂ ಅರ್ಜಿ ಹಾಕಬಹುದು, ಯಾವ ಕೌಂಟಿಯಲ್ಲಿ ಪಡೆದರೂ ರಾಜ್ಯದೊಳಗೆ ಎಲ್ಲಿ ಬೇಕಾದರೂ ಮದುವೆಯಾಗಬಹುದು. ಇದು ತಿಳಿಯುವ ಹೊತ್ತಿಗೆ ಛತ್ರಕ್ಕೆ ಅಡ್ವಾನ್ಸ್ ಹೋಗಿರುತ್ತದೆ.

ಪುರೋಹಿತರ ಅರ್ಹತೆಯದು ಇನ್ನೊಂದು ಪುರಾಣ. ಒಹಾಯೊ ತನ್ನಲ್ಲಿ ಮದುವೆ ಮಾಡಿಸುವ ಧರ್ಮಗುರುಗಳಿಗೂ ರಾಜ್ಯದ ಲೈಸೆನ್ಸ್ ಕಡ್ಡಾಯ ಮಾಡಿದೆ. ಪೆನ್ಸಿಲ್ವೇನಿಯಾದಲ್ಲಿ ಅಂಥ ಪಟ್ಟಿಯೇ ಇಲ್ಲ. ಕ್ರಮಬದ್ಧವಾಗಿ ನೆಲೆಗೊಂಡ ಚರ್ಚು ಅಥವಾ ಭಕ್ತಸಮೂಹದ ಪಾದ್ರಿ, ಪುರೋಹಿತ, ರಬ್ಬಿ ಆಗಿದ್ದರೆ ಸಾಕು ಎನ್ನುತ್ತದೆ ಕಾನೂನು. ಆಗಿದ್ದಾರೋ ಇಲ್ಲವೋ ಎಂದು ಲೈಸೆನ್ಸ್ ಕೊಡುವಾಗ ಯಾರೂ ಪರೀಕ್ಷಿಸುವುದಿಲ್ಲ. ಪರೀಕ್ಷೆ ನಡೆಯುವುದು ಮದುವೆ ಮುರಿದಾಗ. 2007ರಲ್ಲಿ ಯಾರ್ಕ್ ಕೌಂಟಿಯ ಕೋರ್ಟು, ಇಂಟರ್‌ನೆಟ್ಟಿನಲ್ಲಿ ದೀಕ್ಷೆ ಪಡೆದವರು ಮಾಡಿಸಿದ ಮದುವೆ ಮದುವೆಯೇ ಅಲ್ಲ ಎಂದಿತು. ಮರುವರ್ಷ ಬಕ್ಸ್ ಕೌಂಟಿಯ ಕೋರ್ಟು, ಅಂಥದ್ದೇ ದೀಕ್ಷೆ, ಮದುವೆ ಸರಿಯಾಗಿಯೇ ಇದೆ ಎಂದಿತು. ಅದೇ ರಾಜ್ಯ, ಅದೇ ಕಾನೂನು. ದೇವಸ್ಥಾನದ ಅರ್ಚಕರಿಗೆ ಈ ತಾಪತ್ರಯವಿಲ್ಲ. ವೀಕೆಂಡಿನಲ್ಲಿ ಪೌರೋಹಿತ್ಯ ಮಾಡುವ ಸಾಫ್ಟ್‌ವೇರ್ ಭಟ್ಟರನ್ನು ಕರೆಯುವವರು, ಅವರ ಹಿಂದೆ ಯಾವ ಭಕ್ತಸಮೂಹವಿದೆ ಎಂದು ಮೊದಲೇ ವಿಚಾರಿಸಿಕೊಳ್ಳಲಿ. 2005ರ ಜನವರಿ 1ಕ್ಕೆ ಮುಂಚೆ ಇದೇ ರಾಜ್ಯದಲ್ಲಿ ಲೈಸೆನ್ಸೂ ಇಲ್ಲದೆ, ಪುರೋಹಿತರೂ ಇಲ್ಲದೆ, ಇಬ್ಬರೂ ನಾವು ಗಂಡಹೆಂಡಿರು ಎಂದು ಬಾಯಲ್ಲಿ ಹೇಳಿಕೊಂಡರೆ ಕಾನೂನು ಅದನ್ನು ಮದುವೆ ಎನ್ನುತ್ತಿತ್ತು!

ಮಾಂಗಲ್ಯಧಾರಣೆ ಆಯಿತು, ಸಪ್ತಪದಿ ಆಯಿತು. ಈಗ ಪುರೋಹಿತರು ಕೌಂಟಿಯ ಗುಮಾಸ್ತರಾಗುವ ಹೊತ್ತು. ಲೈಸೆನ್ಸಿನ ಜೊತೆ ಎರಡು ಪ್ರಮಾಣಪತ್ರ ಇರುತ್ತವೆ, ಎರಡರ ಮೇಲೂ ಲೈಸೆನ್ಸಿನದೇ ನಂಬರು. ಮೂಲಪ್ರತಿ ದಂಪತಿಗೆ, ನಕಲು ಪ್ರತಿ ಹತ್ತು ದಿನದೊಳಗೆ ಕೌಂಟಿಗೆ ವಾಪಸು. ಎಡವಟ್ಟಾಗುವುದು ತಾರೀಕಿನಲ್ಲಿ. ಜೂನ್ 7ರ ಮದುವೆಗೆ ಭಟ್ಟರು ಅಭ್ಯಾಸಬಲದಿಂದ 7/6 ಎಂದು ಬರೆದರೆ ಅಮೆರಿಕದ ಲೆಕ್ಕದಲ್ಲಿ ಅದು ಜುಲೈ 6. ಜುಲೈ 6ರ ಮದುವೆಗೆ 6/7 ಎಂದು ಬರೆದರೆ ಇನ್ನೂ ಫಜೀತಿ. ಲೈಸೆನ್ಸೇ ಜೂನ್ ಕೊನೆಯಲ್ಲಿ ಕೊಟ್ಟದ್ದಾಗಿದ್ದರೆ, ಲೈಸೆನ್ಸ್ ಹುಟ್ಟುವ ಮುಂಚೆಯೇ ಮದುವೆ ನಡೆದಿದೆ! ತಿಂಗಳನ್ನು ಅಕ್ಷರದಲ್ಲಿ ಬರೆಸಿ. ಹೊಡೆದು ತಿದ್ದಲು, ವೈಟ್ನರ್ ಹಚ್ಚಲು ಬಿಡಬೇಡಿ. ಲಕೋಟೆಗೆ ಸ್ಟಾಂಪ್ ಹಚ್ಚಿ, ವಿಳಾಸ ಬರೆದು, ಭಟ್ಟರಿಗೆ ಕೊಡದೆ ಹುಡುಗಿಯ ಚಿಕ್ಕಪ್ಪನಂಥ ಜವಾಬ್ದಾರಿಯ ಮನುಷ್ಯನ ಕೈಗೆ ಕೊಡಿ. ಭಟ್ಟರ ಚೀಲದಲ್ಲಿ ದರ್ಭೆ, ತಾಂಬೂಲ, ಉಳಿದ ಅರಿಶಿನದ ಕೊಂಬಿನ ಜೊತೆ ಮುಂದಿನ ಮದುವೆಯ ಊರಿಗೆ ಹೋದ ಪ್ರಮಾಣಪತ್ರಗಳುಂಟು. ಆಗ ಮದುವೆಯೇನೋ ಆಗಿರುತ್ತದೆ, ದಾಖಲೆ ಮಾತ್ರ ಇರುವುದಿಲ್ಲ.

ದಂಪತಿಗೆ ಸಿಗುವ ಮೂಲಪ್ರತಿ ನೋಡಲು ಚೆನ್ನ, ಫ್ರೇಮ್ ಹಾಕಿಸಬಹುದು. ಹೆಸರು ಬದಲಾವಣೆಗೆ ಸೋಶಿಯಲ್ ಸೆಕ್ಯುರಿಟಿ ಆಫೀಸಿಗೋ, ಹಸಿರು ಕಾರ್ಡಿನ ಅರ್ಜಿಗೋ ಅದನ್ನು ತೆಗೆದುಕೊಂಡು ಹೋದರೆ ವಾಪಸು ಕಳಿಸುತ್ತಾರೆ. ಅವರಿಗೆ ಬೇಕಾದ್ದು ಕೌಂಟಿಯ ಸೀಲು ಬಿದ್ದ ದೃಢೀಕೃತ ನಕಲು. ಮೂಲಕ್ಕೆ ಬೆಲೆಯಿಲ್ಲ, ನಕಲಿಗೆ ಬೆಲೆಯಿದೆ. ಆ ಬೆಲೆಯನ್ನು ಬೇರೆಯಾಗಿ ಕಟ್ಟಬೇಕು. ಮೂರು ನಾಲ್ಕು ಪ್ರತಿ ಒಟ್ಟಿಗೇ ತೆಗೆದಿಟ್ಟುಕೊಳ್ಳುವುದು ಜಾಣತನ.

ವರ್ಷಗಳ ನಂತರ ನಕಲು ಬೇಕಾದರೆ? ರಾಜ್ಯದ ಆರೋಗ್ಯ ಇಲಾಖೆ ಜನನ ಮರಣಗಳನ್ನಷ್ಟೇ ಇಟ್ಟುಕೊಂಡಿದೆ, ನಡುವಿನದು ತನಗೆ ಸಂಬಂಧಿಸಿದ್ದಲ್ಲ ಎನ್ನುತ್ತದೆ. ಮದುವೆ ದಾಖಲೆ ಇರುವುದು ಕೌಂಟಿಯಲ್ಲಿ, 1885ರಿಂದ. ಮದುವೆ ನಡೆದ ಕೌಂಟಿಯಲ್ಲಲ್ಲ, ಲೈಸೆನ್ಸ್ ಕೊಟ್ಟ ಕೌಂಟಿಯಲ್ಲಿ. ಫಿಲಡೆಲ್ಫಿಯಾದಲ್ಲಿ ಲೈಸೆನ್ಸ್ ಪಡೆದು ಪಿಟ್ಸ್‌ಬರ್ಗಿನಲ್ಲಿ ತಾಳಿ ಕಟ್ಟಿದವರು ಫಿಲಡೆಲ್ಫಿಯಾವನ್ನೇ ಕೇಳಬೇಕು. ಕೌಂಟಿ ಮರೆತುಹೋಗಿದ್ದರೆ ರಾಜ್ಯದಲ್ಲಿ ಇರುವುದು 67.

ಅದೇ ಕಾಗದ ಭಾರತದಲ್ಲಿ ನಡೆಯಬೇಕೆಂದರೆ ರಾಜ್ಯದ ರಾಜಧಾನಿ ಹ್ಯಾರಿಸ್‌ಬರ್ಗಿನಲ್ಲಿ ಅಪೊಸ್ಟಿಲ್ ಎಂಬ ದೃಢೀಕರಣದ ಹಾಳೆ ಹಾಕಿಸಬೇಕು. ಅದಕ್ಕೂ ಶುಲ್ಕವಿದೆ. ಆ ಹಾಳೆ ಹೇಳುವುದಿಷ್ಟೇ: ಕೆಳಗೆ ಸಹಿ ಮಾಡಿದ ಕೌಂಟಿ ಅಧಿಕಾರಿ ನಿಜವಾಗಿಯೂ ಅಧಿಕಾರಿ, ಸಹಿ ಅವರದೇ, ಸೀಲೂ ಅವರದೇ. ಹುಡುಗ ಹುಡುಗಿಗೆ ಮದುವೆಯಾಗಿದೆಯೋ ಇಲ್ಲವೋ ಎಂಬ ವಿಷಯದಲ್ಲಿ ರಾಜ್ಯ ಸರ್ಕಾರ ಬಾಯಿ ಬಿಡುವುದಿಲ್ಲ.