ಕಾಡತೂಸಿನ ಹಿತ್ತಾಳೆಗೆ ಅಡುಗೆಮನೆಯ ಯಂತ್ರ ಬೇಡ
ಖಾಲಿ ಕಾಡತೂಸುಗಳನ್ನು ಪಾತ್ರೆ ತೊಳೆಯುವ ಯಂತ್ರದಲ್ಲಿ ಹಾಕಿ ಬೆಳಗಬಹುದೆಂದು ಲೇಖನವೊಂದು ಕೊಟ್ಟ ಸಲಹೆಯನ್ನು ನಾನು ಒಪ್ಪಲಾರೆ. ಗುಂಡು ಹಾರಿದಾಗ ತಳದ ಕಿಡಿಮದ್ದಿನ (ಸಿಡಿಮದ್ದಿಗೆ ಕಿಡಿ ಹೊತ್ತಿಸುವ ಮದ್ದಿನ) ಸೀಸ ಕಪ್ಪು ಮಸಿಯೊಂದಿಗೆ ಒಳಗೆ ಅಂಟಿಕೊಳ್ಳುತ್ತದೆ. ಮರುದಿನ ಮಕ್ಕಳ ಗಂಗಾಳ ತೊಳೆಯುವ ಯಂತ್ರದಲ್ಲಿ ಆ ಮಸಿ ಉಳಿಯುವುದು ಸಣ್ಣ ಮಾತಲ್ಲ. ಧಾರವಾಡದಲ್ಲಿ ಎನ್‌ಸಿಸಿ ಅಭ್ಯಾಸ ಮುಗಿದ ಮೇಲೆ ಖಾಲಿ ಕಾಡತೂಸುಗಳನ್ನು ಎಣಿಸಿ ಒಪ್ಪಿಸುವಾಗ ನಮ್ಮ ಬೆರಳ ತುದಿಗಳು ಕಪ್ಪಾಗುತ್ತಿದ್ದುದು ನನಗಿನ್ನೂ ನೆನಪಿದೆ. ಅಮೋನಿಯಾ ಬೆರೆತ ದ್ರಾವಣವಂತೂ ಬೇಡವೇ ಬೇಡ: ಸುಮಾರು 70 ಭಾಗ ತಾಮ್ರ, 30 ಭಾಗ ಸತುವಿರುವ ಈ ಹಿತ್ತಾಳೆ ಅದರಿಂದ ಬಿರುಕು ಬಿಡುತ್ತದೆ, ಬ್ರಿಟಿಷರ ಕಾಲದಲ್ಲಿ ಮಳೆಗಾಲಕ್ಕೆಂದು ಕುದುರೆಲಾಯದಲ್ಲಿ ಇರಿಸಿದ ಕಾಡತೂಸುಗಳು ಕುದುರೆ ಮೂತ್ರದ ಅಮೋನಿಯಾದಿಂದ ಹೀಗೆಯೇ ಸೀಳುತ್ತಿದ್ದವು. ನಮ್ಮವ್ವ ದಸರೆಗೆ ಹಿತ್ತಾಳೆ ಕೊಡ ಬೆಳಗಲು ಬಳಸುತ್ತಿದ್ದ ಹುಣಸೆಹುಳಿಯಂತೆಯೇ ಕೆಲಸ ಮಾಡುವ ನಿಂಬೆಉಪ್ಪಿನ (ಸಿಟ್ರಿಕ್ ಆಮ್ಲದ) ತೆಳು ನೀರು, ಬೇರೆಯದೇ ಬಕೆಟ್ಟು, ಕೈಗವಸು ಇದ್ದರೆ ಸಾಕು.