ಕಾಡುಪಾಪದ ಹೆಬ್ಬೆಟ್ಟು

ಕಾಡುಪಾಪಗಳನ್ನು ಎಣಿಸಲು ನಾವು ಕೇಳಿದ್ದು ವರ್ಷಕ್ಕೆ 38,000 ರೂಪಾಯಿ. ಟಾರ್ಚಿಗೆ ಬ್ಯಾಟರಿ, ಅದರ ಮೂತಿಗೆ ಸುತ್ತಲು ಕೆಂಪು ಜಿಲೇಟಿನ್ ಕಾಗದ, ಬಸ್ಸು ನಿಂತ ಮೇಲೆ ಮೀಟರ್ ಮೇಲೆ ಒಂದೂವರೆ ಕೇಳುವ ಆಟೊ, ಲೆಕ್ಕವನ್ನೆಲ್ಲ ಕಂಪ್ಯೂಟರಿಗೆ ಏರಿಸುವ ಕಾಲೇಜು ಹುಡುಗಿಗೆ ಕೈಖರ್ಚು. ಕಂಪನಿಯ ಸಿಎಸ್‌ಆರ್, ಅಂದರೆ ಸಮಾಜಕ್ಕೆ ಮಾಡುವ ಖರ್ಚು ನೋಡಿಕೊಳ್ಳುವ ಮೇಡಂ ಅರ್ಜಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಎರಡು ಸೊನ್ನೆ ಬಿಟ್ಟುಹೋಗಿದೆಯಾ ಸರ್?" ಅಂದರು.

ಬಿಟ್ಟಿಲ್ಲ ಅಂದೆ. ಅವರ ಮುಖ ಬಾಡಿತು. "25 ಲಕ್ಷಕ್ಕಿಂತ ಕಮ್ಮಿ ಕೊಡೋಕೆ ನಮ್ಮಲ್ಲಿ ವ್ಯವಸ್ಥೆಯೇ ಇಲ್ಲ ಸರ್. ಸಿಸ್ಟಮ್ ತಗೊಳಲ್ಲ."

ನಮ್ಮ ಅರ್ಜಿ ಅದಾಗಲೇ ಮೂರು ತಿಂಗಳು ಅಂಗನವಾಡಿಗಳ ಫೈಲಿನೊಳಗೆ ಮಲಗೆದ್ದು ಬಂದಿತ್ತು. ಕಾಡುಪಾಪ ಅಂದರೆ ಕಾಡಿನಲ್ಲಿ ಸಿಕ್ಕ ಅನಾಥ ಪಾಪು ಅಂದುಕೊಂಡಿದ್ದರಂತೆ. ಅಲ್ಲಮ್ಮ, ಇದು ಕೋತಿಗೆ ದೂರದ ನೆಂಟ, ಕಾಲು ಕಿಲೋ ಆಸುಪಾಸು ತೂಕ, ಬಾಲವಿಲ್ಲ, ಮುಖದ ತುಂಬ ಕಣ್ಣು, ರಾತ್ರಿ ಮಾತ್ರ ಓಡಾಟ, 1972ರ ವನ್ಯಜೀವಿ ಕಾಯ್ದೆಯ ಮೊದಲ ಷೆಡ್ಯೂಲಿನಲ್ಲಿ ಹುಲಿಯ ಜೊತೆಗೇ ಕೂತಿದೆ ಅಂತ ವಿವರಿಸಿದೆ. ಮೇಡಂ ನೆಟ್ಟಗೆ ಕೂತರು. "ಹುಲಿನೂ ಬರುತ್ತಾ ನಿಮ್ಮ ಏರಿಯಾಗೆ?"

ನಮ್ಮ ಏರಿಯಾ ಅಂದರೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಆವರಣ ಜಿಕೆವಿಕೆಯ ಬೇಲಿಯ ಆಸುಪಾಸು. ಅಲ್ಲಿಗೆ ಬರುವುದು ಹಾಲಿನ ವ್ಯಾನು, ಕಸದ ಆಟೊ ಮತ್ತು ಈ ಪಾಪ. ನಮ್ಮ ಎಣಿಕೆಯ ಯಜಮಾನರು ಸಿಟಿ ಬಸ್ಸಿನಲ್ಲಿ ಮೂವತ್ತು ವರ್ಷ ತಲೆ ಎಣಿಸಿ ನಿವೃತ್ತರಾದ ಕಂಡಕ್ಟರ್. ಕೆಂಪು ಬೆಳಕಿಗೆ ಕೊಂಬೆಯಲ್ಲಿ ಎರಡು ಕೆಂಡ ಮಿನುಗಿದರೆ ಅವರ ಕಣ್ಣು ತಪ್ಪಿಸಿ ಯಾವ ಪಾಪವೂ ಟಿಕೆಟ್ ಇಲ್ಲದೆ ಹೋಗಲಾರದು. ಪುಸ್ತಕವನ್ನೂ ವೇ ಬಿಲ್ ಥರವೇ ಬರೆಯುತ್ತಾರೆ: ಯಾವ ಮರದಲ್ಲಿ ಹತ್ತಿತು, ಯಾವ ಮರದಲ್ಲಿ ಇಳಿಯಿತು. "ಇದು ನೆಲಕ್ಕೆ ಇಳಿಯೋ ಜಾತಿಯಲ್ಲ ಸಾರ್. ಕೊಂಬೆಯಿಂದ ಕೊಂಬೆಗೇ ಹೋಗಬೇಕು. ನಡುವೆ ಒಂದು ಕೊಂಬೆ ಹೋಯ್ತೋ, ರೂಟ್ ಕ್ಯಾನ್ಸಲ್." ಇಷ್ಟು ಸರಳವಾಗಿ ಯಾವ ವರದಿಯಲ್ಲೂ ನಾನು ಓದಿಲ್ಲ.

ಕಂಪನಿಗೆ ಮೊದಲು ಸರ್ಕಾರದ ಬಾಗಿಲನ್ನೂ ತಟ್ಟಿದ್ದೆವು. ಒಂದು ಕಚೇರಿಯವರು ಕಾಡುಪ್ರಾಣಿ ಅಂದಮೇಲೆ ಅರಣ್ಯದವರನ್ನು ಕೇಳಿ ಅಂದರು. ಇನ್ನೊಂದು ಕಚೇರಿಯವರು ಬೀದಿ ಮರದ ಮೇಲಿದೆ ಅಂದಮೇಲೆ ನಗರದವರನ್ನು ಕೇಳಿ ಅಂದರು. ಅಷ್ಟರಲ್ಲಿ 2025 ಬಂತು, ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾದವು. ಈಗ ಪಾಪ ರಸ್ತೆಯ ಈಚೆ ಕೊಂಬೆಯಿಂದ ಆಚೆ ಕೊಂಬೆಗೆ ಕೈ ಚಾಚಿದರೆ ಮುಂಗೈ ಒಂದು ಪಾಲಿಕೆ, ಹಿಂಗಾಲು ಇನ್ನೊಂದು ಪಾಲಿಕೆ ಆಗದಿದ್ದರೆ ಸಾಕು. ಹಾಗಂತ ಪಾಲಿಕೆಗೆ ಎಣಿಸಲು ಬರುವುದಿಲ್ಲ ಅನ್ನುವಂತಿಲ್ಲ. 2023ರಲ್ಲಿ ಬೀದಿನಾಯಿಗಳನ್ನು ಎಣಿಸಿ 2.79 ಲಕ್ಷ ಎಂದಿತ್ತು. 2025ರಲ್ಲಿ 5,000 ನಾಯಿಗಳಿಗೆ ಚಿಕನ್ ರೈಸ್ ಹಾಕಲು 2.88 ಕೋಟಿಯ ಟೆಂಡರ್ ಕರೆದು ದೇಶದ ಟೀವಿಗಳಿಗೆಲ್ಲ ಒಂದು ವಾರ ಊಟ ಹಾಕಿತ್ತು. ನಾಯಿಗಳ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಕಾಡುಪಾಪ ಹುಳ ಹುಪ್ಪಟೆ, ಮರದ ಅಂಟು ತಿಂದು ತನ್ನ ಊಟ ತಾನೇ ನೋಡಿಕೊಳ್ಳುತ್ತದೆ; ಟೆಂಡರಿಗೆ ಅದೇ ಅನನುಕೂಲ.

ಕೊನೆಗೆ ಕಂಪನಿಗೇ ಶರಣಾದೆವು. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ದೊಡ್ಡ ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಫೆಬ್ರುವರಿ ಮುಗಿಯುತ್ತಿತ್ತು, ಅವರಿಗೂ ಮಾರ್ಚ್ 31ರ ಭಯ. 38,000ವನ್ನು 25 ಲಕ್ಷಕ್ಕೆ ಹಿಗ್ಗಿಸುವ ಕೆಲಸವನ್ನು ಮೇಡಂ ತಾವೇ ವಹಿಸಿಕೊಂಡರು. ಆ್ಯಪ್, ಡ್ಯಾಶ್‌ಬೋರ್ಡ್, ಸೆಲ್ಫಿ ಪಾಯಿಂಟ್, ಎಂಟು ನಿಮಿಷದ ಡ್ರೋನ್ ವಿಡಿಯೊ, ನಾನೂರು ಟೀ ಶರ್ಟು. ಟೀ ಶರ್ಟು ಕತ್ತಲಲ್ಲಿ ಹೊಳೆಯುವಂಥದ್ದು. ಆ ಬೆಳಕಿಗೆ ನಾವು ಎಣಿಸಬೇಕಾದದ್ದು ಮರದ ತುದಿ ಸೇರುತ್ತದೆ ಅಂದೆ. "ಬ್ರ್ಯಾಂಡ್ ಕಲರ್ ಸರ್" ಅಂದರು. ಉದ್ಘಾಟನೆ ಬೆಳಿಗ್ಗೆ ಹನ್ನೊಂದಕ್ಕೆ, ಶಾಮಿಯಾನದ ಕೆಳಗೆ. ಕಾಡುಪಾಪದ ವೇಷ ಹಾಕಿದ ಹುಡುಗನೊಬ್ಬ ಬಿಸಿಲಲ್ಲಿ ಕುಣಿದು ತಲೆಸುತ್ತಿ ಬಿದ್ದ. ವೇಷಕ್ಕೆ ಬಾಲವಿತ್ತು. ಬ್ಯಾಟರಿ? ಅದು "ಕನ್ಸ್ಯೂಮಬಲ್ಸ್", ಅನುದಾನದಲ್ಲಿ ಬರುವುದಿಲ್ಲವಂತೆ. ಆಟೊಗೆ ಜಿಎಸ್‌ಟಿ ಬಿಲ್ ತನ್ನಿ ಅಂದರು. ರಾತ್ರಿ ಹನ್ನೊಂದರಲ್ಲಿ ಆಟೊದವನ ಹತ್ತಿರ ಜಿಎಸ್‌ಟಿ ಬಿಲ್ ಕೇಳುವ ಧೈರ್ಯ ನಮ್ಮ ತಂಡದಲ್ಲಿ ಯಾರಿಗೂ ಇಲ್ಲ.

ಗುರಿ ಎಂಬ ಕಾಲಮ್ಮಿನಲ್ಲಿ ಪ್ರತಿ ಕ್ವಾರ್ಟರಿಗೆ ಶೇ 20 ಹೆಚ್ಚಳ ಅಂತ ಬರೆದಿದ್ದರು. ಅಮ್ಮಾ, ಇದರ ಬಸುರೇ ಐದು ತಿಂಗಳ ಮೇಲೆ, ಹೆರುವುದು ಒಂದೋ ಎರಡೋ, ಕ್ವಾರ್ಟರಿಗೆ ಮುಗಿಯೋದಲ್ಲ ಅಂದೆ. "ಫಾಸ್ಟ್ ಟ್ರ್ಯಾಕ್ ಆಪ್ಷನ್ ಇಲ್ವಾ?" ಅಂದರು.

ಜೂನ್ ಹೊತ್ತಿಗೆ, ಮಳೆಗಾಲದ ತಯಾರಿ ಅಂತ ಯಾರೋ ಬಂದು ಕೇಬಲ್ಲಿಗೆ ತಾಗುವ ಕೊಂಬೆಗಳನ್ನು ರಸ್ತೆಯುದ್ದಕ್ಕೂ ಸವರಿಹೋದರು. ಅವತ್ತು ರಾತ್ರಿ ಕಂಡಕ್ಟರ್ ಮೂರು ಸಲ ಟಾರ್ಚ್ ಕುಟ್ಟಿ ಎಬ್ಬಿಸಿ, ಬೇಲಿಯುದ್ದಕ್ಕೂ ಎರಡು ಸುತ್ತು ಹಾಕಿದರು. ಹಿಂದಿನ ತಿಂಗಳು ಏಳು ಇದ್ದ ಜಾಗದಲ್ಲಿ ಎರಡು. ವರದಿ ಕಳಿಸಿದೆವು. ಐದು ನಿಮಿಷಕ್ಕೆ ಫೋನು ಬಂತು: "ಸರ್, ಗ್ರಾಫ್ ಕೆಳಗೆ ಹೋಗ್ತಿದೆ. ಮ್ಯಾನೇಜ್‌ಮೆಂಟ್‌ಗೆ ಪಾಸಿಟಿವ್ ಸ್ಟೋರಿ ಬೇಕು. ಜಾಸ್ತಿ ಇರೋ ಕಡೆ ಹೋಗಿ ಎಣಿಸಿ." ಕಮ್ಮಿಯಾದಾಗ ಗೊತ್ತಾಗಲಿ ಅಂತಲೇ ಎಣಿಸುವುದು ಅಂದೆ. ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ, "ಸರ್, ಆ್ಯಪ್‌ನಲ್ಲಿ ಡೌನ್ ಆ್ಯರೋ ಆಪ್ಷನ್ ಕೊಟ್ಟಿಲ್ಲ."

ಈಗ ಯುಟಿಲೈಸೇಷನ್ ಸರ್ಟಿಫಿಕೇಟಿನ, ಅಂದರೆ ಅನುದಾನ ಖರ್ಚಾದದ್ದಕ್ಕೆ ಪುರಾವೆ ಕೊಡುವ, ಸರದಿ. ಫಲಾನುಭವಿಗಳ ಪಟ್ಟಿ, ಜಿಯೋಟ್ಯಾಗ್ ಮಾಡಿದ ಫೋಟೊ, ಪ್ರತಿ ಫಲಾನುಭವಿಯ ಸಹಿ. ಓದು ಬರಹ ಬಾರದವರಿದ್ದರೆ ಹೆಬ್ಬೆಟ್ಟಾದರೂ ನಡೆಯುತ್ತದೆ ಎಂದು ಕೆಳಗೆ ಸಣ್ಣಕ್ಷರದಲ್ಲಿದೆ. ಕಂಡಕ್ಟರಿಗೆ ಓದಿ ಹೇಳಿದೆ. ಅವರು ಇಂಕಿನ ಪ್ಯಾಡ್ ಜೇಬಿಗಿಳಿಸಿ ಚಪ್ಪಲಿ ಮೆಟ್ಟಿಕೊಂಡರು.

"ಹೆಬ್ಬೆಟ್ಟಿಗೇನು, ಎರಡು ಕೈಯಲ್ಲೂ ಇದೆ ಸಾರ್ ಅದಕ್ಕೆ. ಆದರೆ ಹುಡುಕೋಕೆ ನಾಲ್ಕು ಬ್ಯಾಟರಿ ಬೇಕಲ್ಲ, ಅದನ್ನ ಯಾವ ಹೆಡ್‌ನಲ್ಲಿ ಹಾಕ್ತೀರಾ ಕೇಳಿ."